ಬಿಳಿ ಅಂಗಿಗೆ ನೀಲಿ ಗುಂಡಿ

ಪರದೆಯ ಮೇಲಿನ ‘ಬರಲ್ಲ’ ಎಂಬ ಚೌಕವನ್ನು ಒತ್ತಿಯಾದ ಮೇಲೂ ಅವಳ ಬೆರಳು ಅಲ್ಲಿಂದ ಏಳಲಿಲ್ಲ. ಒತ್ತಿದ್ದಾಯಿತಲ್ಲ, ಇನ್ನು ಮುಂದಿನ ನಂಬರಿಗೆ ಹೋಗು ಎಂದು ಬೆರಳಿಗೆ ಹೇಳಿಕೊಂಡಳು, ಬೆರಳು ಕೇಳಲಿಲ್ಲ. ಕಿವಿಯ ಮೇಲಿನ ಹೆಡ್‌ಫೋನಿನಲ್ಲಿ ಈಗ ಏನೂ ಇರಲಿಲ್ಲ, ಆದರೆ ಆಗಷ್ಟೇ ಫೋನಿನಲ್ಲಿ ಮಾತಾಡಿಸಿದ ಹುಡುಗಿಯ ಮೌನ ಇನ್ನೂ ಅಲ್ಲೇ ಇತ್ತು. ಅದು ಸುಮ್ಮನಿದ್ದವರ ಮೌನವಲ್ಲ. ತುಟಿಗೆ ತುಟಿ ಅಂಟಿ, ಗಂಟಲು ಬಿಗಿದು, ಉಸಿರು ಬಾಗಿಲ ಹಿಂದೆ ನಿಂತು ಭುಜ ಕೊಟ್ಟು ತಳ್ಳುತ್ತಿರುವಾಗ ಹೊರಗಿನವರಿಗೆ ಕೇಳಿಸುವ ಮೌನ. ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಗೊತ್ತಿತ್ತು. ಗೊತ್ತಿದ್ದೇ ಒತ್ತಿದ್ದಳು. ಪಕ್ಕದ ಗಾಜಿನ ಕೋಣೆಯಲ್ಲಿ ಪ್ರಿಂಟರು ಒಂದೇ ಸಮನೆ ಕಾಗದ ನುಂಗಿ ಕಾಗದ ಕಾರುತ್ತಿತ್ತು, ಯಾರೋ ಟೀ ಯಂತ್ರಕ್ಕೆ ಗುದ್ದುತ್ತಿದ್ದರು, ಬೆಳಗಿನ ಬಿಸಿಲು ಮೇಜಿನ ಅಂಚಿನವರೆಗೆ ಬಂದು ನಿಂತಿತ್ತು. ಎಲ್ಲ ನಿನ್ನೆಯ ಹಾಗೇ ಇತ್ತು.

ಆ ಆಫೀಸಿನಲ್ಲಿ ಅವಳ ಕೆಲಸಕ್ಕೆ ‘ನಾಡಿ ನೋಡೋದು’ ಎಂದು ಹೆಸರು. ಹೆಸರಿಟ್ಟವರು ಪ್ರವೇಶ ವಿಭಾಗದ ನಿರ್ದೇಶಕರೇ. ದೇಶದ ಕಾಲೇಜುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಇವರು ಮೊದಲನೆಯವರು, ಇವರು ಹತ್ತನೆಯವರು, ಇವರು ಎಲ್ಲಿದ್ದರೂ ಒಂದೇ ಎಂದು ರ್‍ಯಾಂಕ್ ಕೊಡುವ ಪತ್ರಿಕೆಯೊಂದಿತ್ತು. ವರ್ಷಕ್ಕೊಮ್ಮೆ ಅದು ಬರುವ ದಿನ ನರೆತ ಪ್ರೊಫೆಸರುಗಳೂ ಫಲಿತಾಂಶದ ದಿನದ ಹುಡುಗರ ಹಾಗೆ ಉಗುರು ಕಚ್ಚುತ್ತ ಓಡಾಡುತ್ತಿದ್ದರು. ಆ ಪತ್ರಿಕೆ ಅಳೆಯುತ್ತಿದ್ದ ಸಂಗತಿಗಳಲ್ಲಿ ಒಂದು ಇದು: ಕಾಲೇಜು ಸೀಟು ಕೊಡುತ್ತೇನೆಂದು ಕರೆದವರಲ್ಲಿ ನಿಜವಾಗಿ ಬಂದು ಸೇರಿದವರು ಎಷ್ಟು? ಕರೆದವರೆಲ್ಲ ಬಂದರೆ ಭಾರಿ ಕಾಲೇಜು. ಕರೆದವರು ಬೇರೆ ಕಡೆ ಹೋದರೆ ಮರ್ಯಾದೆಯೂ ಹೋಯಿತು, ರ್‍ಯಾಂಕೂ ಹೋಯಿತು. ನಿರ್ದೇಶಕರು ಇದಕ್ಕೊಂದು ಸುಲಭದ ಮದ್ದು ಕಂಡುಹಿಡಿದಿದ್ದರು. ಬಾರದವರನ್ನು ಕರೆಯುವುದೇ ಬೇಡ. ಕರೆಯುವ ಮೊದಲು ಒಂದು ಫೋನು, ಯೋಗಕ್ಷೇಮ ವಿಚಾರಿಸುವ ಹಾಗೆ: ಸೀಟು ಕೊಟ್ಟರೆ ಬರ್ತೀರಾ? ತಟ್ಟನೆ ಬರ್ತೀನಿ ಅಂದವರಿಗೆ ಸೀಟು. ತಡೆದವರು, ಉಗುಳು ನುಂಗಿದವರು, ‘ನೋಡೋಣ’ ಅಂದವರು, ಇವರ ಮನಸ್ಸಿನಲ್ಲಿ ಇನ್ನೊಂದು ಕಾಲೇಜು ಕೂತಿದೆ ಎಂದು ಲೆಕ್ಕ. ಅವರು ಬೇಡ ಅನ್ನುವ ಮೊದಲೇ ಕಾಲೇಜಿನವರು ಬೇಡ ಅಂದುಬಿಡುತ್ತಿದ್ದರು. ಆ ಫೋನೇ ಪರೀಕ್ಷೆಯಾಗಿತ್ತು ಎಂದು ಮಕ್ಕಳಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಎಟುಕದ ದ್ರಾಕ್ಷಿ ಹುಳಿ ಅಂದ ನರಿಯಾದರೂ ನಾಲ್ಕು ಸಲ ಹಾರಿ ನೋಡಿತ್ತು. ಇವರು ಹಾರುವ ಗೋಜಿಗೇ ಹೋಗದೆ ದ್ರಾಕ್ಷಿಗೆ ವಿಷಾದ ತಿಳಿಸುತ್ತಿದ್ದರು. ಏನೇ ಅನ್ನಿ, ಮದ್ದು ನಾಟಿತ್ತು. ಕಾಲೇಜು ವರ್ಷವರ್ಷವೂ ಮೆಟ್ಟಿಲು ಹತ್ತಿತ್ತು. ಹೋದ ವರ್ಷದ ರ್‍ಯಾಂಕಿನ ಪುಟಕ್ಕೆ ಗಾಜು ಹಾಕಿಸಿ ಬಾಗಿಲ ಎದುರಿಗೇ ತೂಗುಹಾಕಿದ್ದರು.

ಆ ಮದ್ದು ಅರೆಯುವ ಕೈ ಅವಳದ್ದು. ‘ಇವರು ನಮ್ಮ ನಾಡಿವೈದ್ಯೆ’ ಎಂದು ನಿರ್ದೇಶಕರು ಹೊಸಬರಿಗೆ ಪರಿಚಯ ಮಾಡಿಕೊಡುವರು, ‘ಮಾತಾಡಿಸೋದು ನೋಡ್ಬೇಕು ನೀವು, ಬೆಣ್ಣೇಲಿ ಕೂದಲು ತೆಗೆದ ಹಾಗೆ.’ ಅವಳು ನಕ್ಕು ತಲೆ ತಗ್ಗಿಸುವಳು. ನಾಚಿಕೆ ಎಂದು ಅವರು ತಿಳಿದಿದ್ದರು. ಭಯ ಅದು. ಆ ಬೆಣ್ಣೆಯ ದನಿ ಅವಳದ್ದಾಗಿರಲಿಲ್ಲ, ಅವಳು ಉಗ್ಗುತ್ತಿದ್ದಳು. ಮಾತು ಬಂದಾಗಿನಿಂದ ಉಗ್ಗುತ್ತಿದ್ದಳು. ಬ, ಪ, ತ, ಕ, ಇಂಥ ಅಕ್ಷರಗಳು ಮಾತಿನ ಮೊದಲಲ್ಲೇ ನಿಂತಿದ್ದರೆ ಮುಗಿಯಿತು, ಅಲ್ಲಿಂದ ಆಚೆ ಹೆಜ್ಜೆಯಿಲ್ಲ. ಯಾವ ಬೀದಿಯಲ್ಲಿ ಕಚ್ಚುವ ನಾಯಿ ಇದೆ ಎಂದು ಗೊತ್ತಿದ್ದವರು ಸುತ್ತು ಬಳಸಿಯಾದರೂ ಬೇರೆ ಬೀದಿ ಹಿಡಿಯುವುದಿಲ್ಲವೇ, ಅವಳೂ ಹಾಗೆ ನ, ಮ, ಸ, ಹ ಇರುವ ಬೀದಿಗಳನ್ನೇ ಹಿಡಿದು ಇಷ್ಟು ದೂರ ಬಂದಿದ್ದಳು. ಫೋನಿನಲ್ಲಿ ಹೇಳುವ ಒಂದೊಂದು ವಾಕ್ಯವನ್ನೂ ಮನೆಯಲ್ಲಿ ಕನ್ನಡಿಯ ಮುಂದೆ ಕೂತು ಹೆಣೆದಿದ್ದಳು. ಪುಣ್ಯಕ್ಕೆ ‘ಸೀಟು’ ಎಂಬುದು ಸೌಮ್ಯ ಪದ, ಹೇಳಿ ಹೇಳಿ ಪಳಗಿದ ಮೇಲೆ ಅದರ ಬೆನ್ನಿಗೇ ‘ಕೊಟ್ಟರೆ ಬರ್ತೀರಾ’ ಕೂಡ ಜಾರಿಕೊಂಡು ಬರುತ್ತಿತ್ತು. ಹೆಚ್ಚಿನ ಪದಗಳಿಗೆ ಬದಲಿ ಪದ ಸಿಗುತ್ತದೆ, ಹೆಸರಿಗೆ ಸಿಗುವುದಿಲ್ಲ. ಅವಳ ಹೆತ್ತವರು ಯೋಚಿಸದೆ ಅವಳಿಗೊಂದು ಕಚ್ಚುವ ಹೆಸರನ್ನೇ ಇಟ್ಟಿದ್ದರು. ಹಾಗಾಗಿ ಫೋನಿನಲ್ಲಿ ಅವಳು ಹೆಸರು ಹೇಳುತ್ತಿರಲಿಲ್ಲ, ‘ನಾನು ಕಾಲೇಜಿನಿಂದ’ ಎಂದಷ್ಟೇ ಹೇಳುತ್ತಿದ್ದಳು. ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಗುತ್ತ ಹೆಸರು ಬರೆದ ಕೊರಳ ಬಿಲ್ಲೆಯನ್ನು ಮುಂದೆ ಹಿಡಿಯುತ್ತಿದ್ದಳು. ಅವಳ ಹೆಸರನ್ನು ಅವಳ ಬಾಯಿಂದ ಕೇಳಿದವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ.

ಚಿಕ್ಕವಳಿದ್ದಾಗ ಒಮ್ಮೆ ಅಮ್ಮ ಅಂಗಡಿಗೆ ಕಳಿಸಿದ್ದಳು: ಬಿಳಿ ಗುಂಡಿ, ದೊಡ್ಡದು, ತಮ್ಮನ ಸ್ಕೂಲಿನ ಅಂಗಿಗೆ. ದಾರಿಯುದ್ದಕ್ಕೂ ಅದನ್ನೇ ಗೊಣಗಿಕೊಂಡು ಹೋಗಿದ್ದಳು, ಗೊಣಗುವಾಗ ಎಷ್ಟು ಸಲೀಸಾಗಿ ಬರುತ್ತಿತ್ತು. ಅಂಗಡಿಯ ಕಟ್ಟೆ ಅವಳ ಗದ್ದದವರೆಗೆ ಬರುತ್ತಿತ್ತು. ಅಂಗಡಿಯವನು ಏನಮ್ಮ ಅಂದ. ಅವಳು ಬಾಯಿ ತೆರೆಯಲು ಹೋದಳು, ತುಟಿ ತೆರೆಯಲಿಲ್ಲ. ಅಂಗಡಿಯವನ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಅಯ್ಯೋ ಪಾಪ ಎಂಬ ನೋಟ ಬಂತು, ಆಮೇಲೆ ಆ ನೋಟವೂ ಹೋಗಿ ಅವನ ಕಣ್ಣು ಅವಳ ತಲೆಯ ಮೇಲಿಂದ ಹಿಂದಿನ ಗಿರಾಕಿಯ ಕಡೆ ಹೊರಟಿತು. ಅದು ಪೂರ್ತಿ ಹೊರಟುಹೋಗುವ ಮೊದಲು ಅವಳು ‘ನೀಲಿ’ ಅಂದಳು. ಎಷ್ಟು ಸುಲಭವಾಗಿ ಬಂತು. ಮನೆಯಲ್ಲಿ ಅಮ್ಮ ಪೊಟ್ಟಣ ಬಿಚ್ಚಿ, ‘ಬಿಳಿ ತಾರೇ ಅಂದ್ರೆ ನೀಲಿ ತಂದಿದೀಯಲ್ಲ, ಕಣ್ಣು ಎಲ್ಲಿಟ್ಟು ಹೋಗಿದ್ದೆ?’ ಎಂದಳು. ಅವಳು ಸುಮ್ಮನೆ ನಿಂತಿದ್ದಳು. ಉಗ್ಗಿ ಅನ್ನಿಸಿಕೊಳ್ಳುವುದಕ್ಕಿಂತ ದಡ್ಡಿ ಅನ್ನಿಸಿಕೊಳ್ಳುವುದು ಎಷ್ಟೋ ಮೇಲು. ಅಮ್ಮ ಏನನ್ನೂ ದಂಡ ಮಾಡುವವಳಲ್ಲ, ಆ ಬಿಳಿ ಅಂಗಿಗೆ ನೀಲಿ ಗುಂಡಿಗಳನ್ನೇ ಹೊಲಿದಳು. ತಮ್ಮ ವರ್ಷವಿಡೀ ಅದನ್ನು ಹಾಕಿಕೊಂಡು ಹೋದ. ಸ್ಕೂಲಿನಲ್ಲಿ ಅವನಿಗೆ ನೀಲಿಗುಂಡಿ ಎಂದೇ ಹೆಸರು ಬಿತ್ತು, ದಿನಕ್ಕೊಬ್ಬನ ಹತ್ತಿರ ಜಗಳ ಮಾಡಿಕೊಂಡು ಬರುತ್ತಿದ್ದ. ‘ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ’ ಎಂದು ಅಮ್ಮ ಅವಳಿಗೆ ಬುದ್ಧಿ ಹೇಳುತ್ತಿದ್ದಳು. ಆ ಗಾದೆಯಲ್ಲಿ ಎಷ್ಟು ‘ಬ’ಗಳಿವೆ ಎಂದು ಅಮ್ಮನಿಗೆ ಹೊಳೆದಂತಿರಲಿಲ್ಲ.

ಬೆಳಿಗ್ಗೆ ಅವಳು ಎಂದಿನ ಹಾಗೇ ಶುರು ಮಾಡಿದ್ದಳು. ‘ನಮಸ್ಕಾರ, ನಾನು ಕಾಲೇಜಿನಿಂದ. ಹೇಗಿದೀರಾ?’ ‘ಚೆನ್ನಾಗಿದೀನಿ ಮೇಡಂ’ ಎಂದಿತ್ತು ಆ ಕಡೆಯ ಎಳೆಯ ದನಿ. ‘ನಿಮ್ಮ ಅರ್ಜಿ ನೋಡಿದ್ವಿ, ಇಷ್ಟ ಆಯ್ತು.’ ಇದು ಸುಳ್ಳೇನಲ್ಲ. ಆ ಅರ್ಜಿಯನ್ನು ಅವಳು ಎರಡು ಸಲ ಓದಿದ್ದಳು. ಮಾರ್ಕ್ಸು ಆ ವರ್ಷ ಅರ್ಜಿ ಹಾಕಿದವರಲ್ಲೇ ಹೆಚ್ಚು. ಈ ಕಾಲೇಜು ಯಾಕೆ ಬೇಕು ಎಂಬುದಕ್ಕೆ ಎಲ್ಲರೂ ಬರೆಯುವ ಹಾಗೆ ‘ಉತ್ಕೃಷ್ಟ ಬೋಧನೆ’ ಎಂದು ಬರೆದಿರಲಿಲ್ಲ. ಇಲ್ಲಿನ ಶೆಡ್ಡಿನಲ್ಲಿ ಒಂದು ಉದ್ದದ ಗಾಜಿನ ಕಾಲುವೆ ಇದೆ, ಸೇತುವೆ ಕಟ್ಟುವುದನ್ನು ಕಲಿಯುವವರು ಅದರಲ್ಲಿ ನೀರು ಹರಿಸಿ ನೋಡುತ್ತಾರೆ. ಸಾರ್ವಜನಿಕರಿಗೆ ತೋರಿಸುವ ದಿನ ಬಂದಿದ್ದ ಹುಡುಗಿ ಮರಳಿನಲ್ಲಿ ಒಂದು ಪುಟ್ಟ ಕಂಬ ನೆಟ್ಟು, ಶೆಡ್ಡು ಮುಚ್ಚುವವರೆಗೂ ಗಾಜಿಗೆ ಮೂಗು ಹಚ್ಚಿ ನಿಂತಿದ್ದಳಂತೆ. ‘ನೀರು ಕಂಬವನ್ನು ಎದುರಿನಿಂದ ತಳ್ಳಿ ಬೀಳಿಸುವುದಿಲ್ಲ, ಬುಡದ ಮರಳನ್ನು ಸ್ವಲ್ಪಸ್ವಲ್ಪವೇ ತೆಗೆದು ಬೀಳಿಸುತ್ತದೆ ಎಂದು ಅವತ್ತು ಕಂಡೆ. ಅದನ್ನು ತಡೆಯುವುದು ಹೇಗೆ ಎಂದು ಕಲಿಯಬೇಕು’ ಎಂದು ಬರೆದಿದ್ದಳು. ‘ಸೀಟು ಕೊಟ್ಟರೆ ಬರ್ತೀರಾ?’ ಎಂದು ಅವಳು ಕೇಳಿದಳು. ಆಗ ಬಂತು ಮೌನ. ಅದರ ಒಳಗೆ, ಕಿವಿಯಿಟ್ಟು ಕೇಳಿದವರಿಗೆ ಮಾತ್ರ, ತುಟಿ ಬಿಗಿದ ಒಂದು ಸಣ್ಣ ಸದ್ದು. ಆಮೇಲೆ ಹುಡುಗಿ ‘ನೋಡ್ತೀನಿ’ ಅಂದಳು, ಎಷ್ಟು ಸುಲಭವಾಗಿ. ಅಂದವಳೇ ಕೈಯಲ್ಲಿದ್ದದ್ದು ಚೆಲ್ಲಿಹೋದವರ ಹಾಗೆ ಒಂದು ಉಸಿರು ಬಿಟ್ಟಳು. ‘ಬರ್ತೀನಿ’ ಎಂಬುದಕ್ಕೆ ಬದಲಿ ಪದ ಇಲ್ಲ ಮಗಳೇ, ನಾನೂ ಹುಡುಕಿ ಸೋತಿದ್ದೇನೆ ಎಂದು ಹೇಳಬೇಕೆನ್ನಿಸಿತು ಅವಳಿಗೆ. ಹೇಳಿದ್ದು ಮಾತ್ರ ‘ಸರಿ, ನಮಸ್ಕಾರ’.

ಯಾಕೆ ಒತ್ತಿದೆ? ಮಧ್ಯಾಹ್ನ ಕೈತೊಳೆಯುವ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಕನ್ನಡಿಯನ್ನು ಕೇಳಿದಳು. ಕನ್ನಡಿ ಬಹಳ ಹಳೆಯ ಗೆಳತಿ, ಸುಳ್ಳು ಹೇಳುವುದಿಲ್ಲ. ಒತ್ತದೆ ಇದ್ದರೆ ಯಾಕೆ ಒತ್ತಲಿಲ್ಲ ಎಂದು ಕೇಳುತ್ತಾರೆ. ಅದು ಉಗ್ಗು, ಅನುಮಾನವಲ್ಲ ಅನ್ನಬೇಕು. ನಿಮಗೆ ಹೇಗೆ ಗೊತ್ತು ಅನ್ನುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಲ್ಲಿಗೆ ಎಲ್ಲ ಬಯಲು. ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಉಗ್ಗುವವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಷ್ಟಕ್ಕೂ ಅವಳಿಗೆ ಈ ಕೆಲಸ ಇಷ್ಟವಾಗಿತ್ತು, ದಿನವಿಡೀ ತಡೆಯಿಲ್ಲದೆ ಮಾತಾಡಿ ಮನೆಗೆ ಹೋಗುವ ಸುಖ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅಂಥ ಸುಖವನ್ನು ಗೊತ್ತಿಲ್ಲದ ಒಬ್ಬ ಹುಡುಗಿಗಾಗಿ ಕಳೆದುಕೊಳ್ಳಲಾ? ಹುಡುಗಿಗೆ ಅಷ್ಟು ಮಾರ್ಕ್ಸಿದೆ, ಎಲ್ಲಾದರೂ ಸೀಟು ಸಿಗುತ್ತದೆ. ಹೀಗೆಂದುಕೊಂಡಾಗ ಅವಳಿಗೆ ಅಂಗಡಿಯವನ ಕಣ್ಣು ನೆನಪಾಯಿತು, ತಲೆಯ ಮೇಲಿಂದ ಆಚೆಗೆ ಹೊರಟುಹೋದದ್ದು. ಇವತ್ತು ಬೆಳಿಗ್ಗೆ ಆ ಕಣ್ಣು ತನ್ನದಾಗಿತ್ತು. ಅವಳು ನಲ್ಲಿ ನಿಲ್ಲಿಸಿ, ಮುಖ ಒರೆಸಿಕೊಂಡು, ಸಭೆಗೆ ಹೋದಳು.

ಸಭೆ ಎಂದರೆ ನಾಲ್ಕೇ ಜನ. ಮೇಜಿನ ತಲೆಗೆ ನಿರ್ದೇಶಕರು. ಅವರ ಎಡಕ್ಕೆ ಲೆಕ್ಕಾಚಾರದ ತರುಣ, ಉಸಿರಾಡಿದರೂ ಶೇಕಡಾ ಇಷ್ಟು ಎಂದು ಹೇಳುವವನು, ಹಾಗಾಗಿ ಅವನನ್ನು ಎಲ್ಲರೂ ಶೇಕಡಾ ಎಂದೇ ಕರೆಯುತ್ತಿದ್ದರು. ಬಲಕ್ಕೆ ಈ ವರ್ಷ ಹೊಸದಾಗಿ ಸಮಿತಿಗೆ ಬಂದ ಗಣಿತದ ಮೇಷ್ಟ್ರು, ಕಿತ್ತಳೆಯ ಸಿಪ್ಪೆಯನ್ನು ತುಂಡಾಗದ ಹಾಗೆ ಸುಲಿಯುವುದರಲ್ಲಿ ಮಗ್ನರಾಗಿದ್ದರು. ಕೊನೆಗೆ ಅವಳು. ನಿರ್ದೇಶಕರು ಕೆಟ್ಟವರಲ್ಲ. ಹಿಂದೊಮ್ಮೆ ಯಾವುದೋ ಸಮ್ಮೇಳನದ ಊಟದ ಸಾಲಿನಲ್ಲಿ ‘ಓ, ಆ ಕಾಲೇಜು ಇನ್ನೂ ಇದೆಯಾ?’ ಎಂದು ಯಾರೋ ಕೇಳಿದ್ದರಂತೆ, ಆ ಮುಳ್ಳು ಅವರ ಗಂಟಲಿನಲ್ಲಿ ಇನ್ನೂ ಇತ್ತು. ಈ ಸಲ ಮೊದಲ ಇಪ್ಪತ್ತರೊಳಗೆ ಬಂದರೆ ಅದು ಇಳಿದೀತು. ‘ಮೇಷ್ಟ್ರೇ, ನೀವು ಹೊಸಬರು, ಒಂದು ಸ್ಯಾಂಪಲ್ ಕೇಳಿಸ್ತೀನಿ’ ಎಂದರು. ‘ಶೇಕಡಾ, ಬೆಳಗಿಂದು ಒಂದು ಹಾಕಪ್ಪ. ಬರಲ್ಲ ಅನ್ನೋದ್ರಲ್ಲಿ ಯಾವುದಾದ್ರೂ.’ ಶೇಕಡಾ ಹುಡುಕಲಿಲ್ಲ, ಎಲ್ಲಕ್ಕಿಂತ ಮೇಲಿದ್ದುದನ್ನು ಒತ್ತಿದ.

ತನ್ನದೇ ದನಿ ಕೋಣೆಯೊಳಗೆ ಬೆಣ್ಣೆ ಸವರಿಕೊಂಡು ಓಡಾಡಿತು. ನಮಸ್ಕಾರ, ನಾನು ಕಾಲೇಜಿನಿಂದ. ಅವಳು ಮೇಜಿನ ಕೆಳಗೆ ಕೈಗಳನ್ನು ಬಿಗಿಹಿಡಿದಳು. ಗೋಡೆಯ ಪರದೆಯ ಮೇಲೆ ಮಾತಿನ ಗೆರೆ ಏಳುತ್ತ ಬೀಳುತ್ತ ಹೋಗಿ, ‘ಬರ್ತೀರಾ’ ಆದ ಮೇಲೆ ಚಪ್ಪಟೆಯಾಗಿ ಮಲಗಿತು. ನಿರ್ದೇಶಕರು ಈಗ ನೋಡಿ ಎಂಬಂತೆ ಬೆರಳೆತ್ತಿದರು. ಗೆರೆ ಮಲಗಿಯೇ ಇತ್ತು. ಶೇಕಡಾ ಬಾಯಿಗೆ ಕೈಯಿಟ್ಟು ನಗು ತಡೆದುಕೊಂಡ. ಕೊನೆಗೆ ‘ನೋಡ್ತೀನಿ’.

‘ಕೇಳಿದ್ರಾ?’ ಎಂದರು ನಿರ್ದೇಶಕರು. ‘ಆ ಗ್ಯಾಪಿನಲ್ಲಿ ಏನಿದೆ ಹೇಳಿ.’

‘ಏನೂ ಇಲ್ಲ’ ಎಂದರು ಮೇಷ್ಟ್ರು.

‘ನಂಬರ್ ಒನ್ ಕಾಲೇಜಿದೆ. ಅಲ್ಲಿಂದ ಕರೆ ಬರಲಿ ಅಂತ ಕಾಯ್ತಿದಾಳೆ, ನಮ್ಮನ್ನ ಜೇಬಲ್ಲಿ ಇಟ್ಕೊಂಡಿದಾಳೆ.’

‘ಮಾರ್ಕ್ಸ್ ನೋಡಿದ್ರೇ ಗೊತ್ತಾಗತ್ತೆ ಸರ್’ ಎಂದ ಶೇಕಡಾ. ‘ಇಷ್ಟು ತೆಗೆದೋಳು ನಮ್ಮಲ್ಲಿಗೆ ಯಾಕೆ ಬರ್ತಾಳೆ?’

‘ಹಾಗಾದ್ರೆ ನಮ್ಮ ಕಾಲೇಜನ್ನ ಇಷ್ಟಪಡೋರು ಬುದ್ಧಿವಂತರಾಗಿರೋಕೆ ಸಾಧ್ಯ ಇಲ್ಲ ಅಂತಾಯ್ತು’ ಎಂದು ಮೇಷ್ಟ್ರು ಕಿತ್ತಳೆಗೆ ಹೇಳಿದರು. 

ಇದೇ ಸಮಯ ಎಂದು ಅವಳಿಗೆ ಅನ್ನಿಸಿತು. ಒಳ್ಳೆಯ ಬೀದಿಗಳನ್ನೆಲ್ಲ ಮನಸ್ಸಿನಲ್ಲೇ ಆರಿಸಿಕೊಂಡು, ನಿಧಾನವಾಗಿ, ಬೆಣ್ಣೆಯ ಹಾಗೆ ಹೇಳಿದಳು: ‘ನನಗನ್ನಿಸತ್ತೆ ಸರ್, ಇನ್ನೊಂದ್ಸಲ ಕೇಳಿದ್ರೆ ಒಳ್ಳೇದೇನೋ.’ ನಿರ್ದೇಶಕರು ಪ್ರೀತಿಯಿಂದಲೇ ನಕ್ಕರು. ‘ಒತ್ತಿದೋರು ನೀವೇ ತಾನೆ? ನಿಮ್ಮ ಕಿವಿ ಯಾವತ್ತು ತಪ್ಪಿದೆ? ನಮ್ಮ ನಾಡಿವೈದ್ಯೆಗೆ ಮನಸ್ಸು ಮೆತ್ತಗೆ ಮೇಷ್ಟ್ರೇ, ಕೈ ಮಾತ್ರ ಗಟ್ಟಿ. ಮುಂದಿನದು ಹಾಕು ಶೇಕಡಾ.’ ಮುಗಿಯಿತು. ಇಷ್ಟು ಚಂದವಾಗಿ ಹೇಳಿದ ಮಾತನ್ನು ಇಷ್ಟು ಚಂದವಾಗಿ ಪಕ್ಕಕ್ಕಿಟ್ಟರು. ಅವಳು ಹೇಳಬೇಕೆಂದಿದ್ದದ್ದು ‘ಅನ್ನಿಸತ್ತೆ’ ಅಂತ ಅಲ್ಲ, ‘ಒಳ್ಳೇದೇನೋ’ ಅಂತಲೂ ಅಲ್ಲ. ಹೇಳಬೇಕಾದ ಪದ ‘ತಪ್ಪು’. ಅದರ ಬಾಗಿಲಲ್ಲಿ ನಾಯಿ ಕೂತಿದೆ ಎಂದು ಬೇರೆ ಬೀದಿಯಿಂದ ಬಂದಿದ್ದಳು, ಬಂದು ಸೇರಿದ್ದು ಬೇರೆ ಯಾರದೋ ಮನೆಗೆ. ನಲವತ್ತು ದಾಟಿದರೂ ಅಂಗಡಿಯಿಂದ ನೀಲಿ ಗುಂಡಿಯನ್ನೇ ತರುತ್ತಿದ್ದೇನಲ್ಲ ಎನ್ನಿಸಿ ಅವಳಿಗೆ ಸಿಟ್ಟು ಬಂತು. ತನ್ನ ಮೇಲೆ ಬಂದ ಸಿಟ್ಟು. ಆದರೂ ಸಿಟ್ಟು ಒಳ್ಳೆಯದು, ಕಾಲಿಗೆ ಬಲ ಕೊಡುತ್ತದೆ. ಅವಳು ಎದ್ದು ನಿಂತಳು.

‘ತ್’ ಎಂದಳು. ಅಲ್ಲಿಗೆ ನಿಂತಿತು. ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡಿತು, ಗಂಟಲಿನ ನರ ಬಿಗಿಯಿತು, ಕಣ್ಣು ತಾನಾಗಿಯೇ ಮುಚ್ಚಿತು. ಎಷ್ಟೋ ವರ್ಷಗಳಿಂದ ಹಗಲು ಹೊತ್ತಿನಲ್ಲಿ ಯಾರ ಎದುರಿಗೂ ಆಗದಿದ್ದದ್ದು ಈಗ ಆಗುತ್ತಿತ್ತು. ‘ತಲೆನೋವಾ ಮೇಡಂ?’ ಎಂದ ಶೇಕಡಾ. ಅವಳು ಅಲ್ಲವೆಂದು ತಲೆಯಾಡಿಸಿದಳು. ‘ತಡ ಆಯ್ತಾ, ಹೊರಡ್ಬೇಕಾ?’ ಎಂದರು ನಿರ್ದೇಶಕರು. ಪಾಪ, ಸಹಾಯಕ್ಕೇ ಕೊಡುತ್ತಾರೆ ಜನ, ತಮ್ಮ ಹತ್ತಿರವಿರುವ ಪದಗಳನ್ನೆಲ್ಲ ಕೊಡುತ್ತಾರೆ, ನಮಗೆ ಬೇಕಾದ್ದೊಂದನ್ನು ಬಿಟ್ಟು. ಈಗಲೂ ಓಡಿಹೋಗಬಹುದಿತ್ತು. ‘ಹೌದು’ ಅಂದರೆ ಸಾಕು, ಸುಲಭದ ಪದ, ತಲೆನೋವೆಂದು ಮನೆಗೆ ಹೋಗಬಹುದು, ನಾಳೆ ಮತ್ತೆ ಬೆಣ್ಣೆ. ಅವಳು ಓಡಲಿಲ್ಲ. ಅಲ್ಲೇ ನಿಂತು ತಳ್ಳಿದಳು.

‘ತ್... ತಪ್ಪು’ ಎಂದಳು. ‘ನಾನು ಒತ್ತಿದ್ದು ತಪ್ಪು ಸರ್. ಆ ಗ್ಯಾಪಿನಲ್ಲಿ ನಂಬರ್ ಒನ್ ಕಾ...ಕಾಲೇಜಿಲ್ಲ. ಈಗ ನೀವು ಕೇಳಿದ್ರಲ್ಲ, ಅದಿದೆ.’

 ಮೇಷ್ಟ್ರ ಕೈಯಲ್ಲಿ ಸಿಪ್ಪೆ ತುಂಡಾಯಿತು. ಮಾತಿನ ಬಾಗಿಲು ಒಮ್ಮೆ ತೆರೆದುಕೊಂಡ ಮೇಲೆ ಅವಳಿಗೆ ಮುಚ್ಚುವ ಮನಸ್ಸಾಗಲಿಲ್ಲ. ಅಮ್ಮ ಬಿಳಿ ಗುಂಡಿ ತಾ ಅಂದದ್ದು, ತಾನು ನೀಲಿ ತಂದದ್ದು, ತಮ್ಮ ಆ ಅಂಗಿ ಹಾಕಿಕೊಂಡು ವರ್ಷವೆಲ್ಲ ಹೊಡೆದಾಡಿದ್ದು, ಎಲ್ಲ ಹೇಳಿದಳು. ಬ ಬಂದ ಕಡೆಯೆಲ್ಲ ನಿಂತಳು; ಯಾವ ‘ಬ’ವನ್ನೂ ಸುತ್ತಿ ಹೋಗಲಿಲ್ಲ, ಒಂದೊಂದನ್ನೂ ದಾಟಿ ಹೋದಳು. ತುಂಬ ಹೊತ್ತು ಹಿಡಿಯಿತು. ‘ಆ ಹುಡುಗಿಗೆ ನಮ್ಮಲ್ಲಿಗೆ ಬ...ಬರೋದು ಬೇಕು. ಆ ಪದ ಬಾಯಿಗೆ ಬರಲಿಲ್ಲ, ಬಂದ ಪದ ಹೇಳಿದಾಳೆ. ಅವಳೂ ನೀಲಿ ಗುಂಡಿ ತಂದಿದಾಳೆ ಸರ್.’

ನಿರ್ದೇಶಕರು ಅವಳನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು. ‘ಇಷ್ಟು ವರ್ಷ ನಿಮ್ಮ ದನಿ...’ ಎಂದರು.

‘ಅದೂ ನೀಲಿನೇ ಸರ್.’

ಶೇಕಡಾ ಕೆಳಗೆ ನೋಡುತ್ತ, ಯಾರನ್ನೂ ನೋಯಿಸದ ದನಿಯಲ್ಲಿ, ಆದರೂ ರಿಸ್ಕ್ ಸರ್, ಕರೆದ ಮೇಲೆ ಬರದೇ ಹೋದರೆ ನಮ್ಮ ಸೇರ್ಪಡೆ ಇಳಿಯುತ್ತದೆ, ಇಪ್ಪತ್ತರೊಳಗೆ ಬರೋದು ಕೂದಲೆಳೆಯಲ್ಲಿದೆ ಎಂದ. ಮೇಷ್ಟ್ರು ಕಿತ್ತಳೆಯನ್ನು ಪಕ್ಕಕ್ಕಿಟ್ಟರು. ‘ಅಳತೆಗೋಲೇ ಸೊಟ್ಟ ಇರ್ಬಹುದು ಅಂತ ಇವರು ಹೇಳ್ತಿದಾರಲ್ಲಪ್ಪ. ಸೊಟ್ಟನೋ ನೆಟ್ಟಗಿದೆಯೋ ನೋಡೋಕೆ ಒಂದು ಫೋನು ಸಾಕು. ಮಾಡ್ಲಿ ಬಿಡಿ.’ ನಿರ್ದೇಶಕರು ಬಹಳ ಹೊತ್ತು ಗೋಡೆಯ ಮೇಲಿನ ಚಪ್ಪಟೆ ಗೆರೆಯನ್ನೇ ನೋಡಿದರು. ಅಂಥ ಎಷ್ಟು ಗೆರೆಗಳನ್ನು ತೋರಿಸಿ ಎಷ್ಟು ಜನರನ್ನು ನಗಿಸಿದ್ದರೋ. ‘ಮಾಡಿ’ ಎಂದರು ಕೊನೆಗೆ. ‘ಸ್ಪೀಕರಲ್ಲಿ ಹಾಕಿ. ಈ ಸಲವೂ ನೋಡ್ತೀನಿ ಅಂದ್ರೆ ಮಾತ್ರ ಇಲ್ಲಿಗೇ ಬಿಟ್ಬಿಡ್ಬೇಕು.’

ಮೇಜಿನ ನಡುವಿನ ಫೋನು ಹೊಡೆದುಕೊಳ್ಳತೊಡಗಿತು.  ಹುಡುಗಿ ಎತ್ತಿದಳು, ಹಿಂದೆ ಎಲ್ಲೋ ಪಾತ್ರೆಗಳ ಸದ್ದು, ಯಾರೋ ಕೆಮ್ಮಿದ್ದು. ಕನ್ನಡಿಯ ಮುಂದೆ ಹೆಣೆದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ಅಲ್ಲೇ ಬಿಟ್ಟಳು.

‘ಬೆ...ಬೆಳಿಗ್ಗೆ ಫೋನ್ ಮಾಡಿದ್ನಲ್ಲ ಕಾಲೇಜಿಂದ, ಅದು ನಾನೇ.’

ಆ ಕಡೆ ಉಸಿರು ನಿಂತಿತು. ‘ಆವಾಗ ನಿಮ್ಮ ದನಿ ಈ ಥರ ಇರಲಿಲ್ಲ’ ಎಂದಳು ಹುಡುಗಿ. ‘ಬೆಳಿಗ್ಗೆ’ ಎನ್ನಬೇಕಾದ ಕಡೆ ಹುಡುಗಿ ‘ಆವಾಗ’ ಎಂಬ ಬೀದಿ ಹಿಡಿದದ್ದು ಅವಳಿಗೆ ಕಂಡಿತು, ನಗು ಬಂತು.

‘ಇದು ನನ್ನ ದನಿ. ಅದು ಆಫೀಸಿಂದು. ಈಗ ಮತ್ತೆ ಕೇಳ್ತೀನಿ. ಆರಾಮಾಗಿ ಹೇಳು, ಇಲ್ಲಿ ಯಾರಿಗೂ ಅವಸರ ಇಲ್ಲ. ಸೀಟು ಕೊಟ್ರೆ ಬ...ಬರ್ತೀಯಾ?’

ಮೌನ. ಗೋಡೆಯ ಮೇಲೆ ಗೆರೆ ಮಲಗಿತು. ನಿರ್ದೇಶಕರ ಬಾಯಿ ತಾನಾಗಿ ತೆರೆಯಿತು, ಯಾವುದೋ ಪದವನ್ನು ಕೊಡಲಿಕ್ಕೆ. ಅವಳು ಅಂಗೈಯೆತ್ತಿ ತಡೆದಳು. ತಾನು ಅವರ ಮುಂದೆ ಕೈಯೆತ್ತಿದ್ದೇನೆ ಎಂಬುದು ಕೈ ಎತ್ತಿದ ಮೇಲೆ ಅವಳಿಗೆ ಗೊತ್ತಾಯಿತು. ಅವರು ಬಾಯಿ ಮುಚ್ಚಿದರು. ನಾಲ್ಕು ಜನ ಒಂದು ಚಪ್ಪಟೆ ಗೆರೆಯನ್ನು ನೋಡುತ್ತ ಕೂತರು. ತುಟಿ ಬಿಗಿದ ಆ ಸಣ್ಣ ಸದ್ದು ಈಗ ಎಲ್ಲರಿಗೂ ಕೇಳಿಸಿತು, ಯಾಕೆಂದರೆ ಈಗ ಎಲ್ಲರೂ ಕೇಳುತ್ತಿದ್ದರು. ತಳ್ಳು, ಎಂದುಕೊಂಡಳು ಅವಳು, ಅಲ್ಲೇ ಇರು, ಪಕ್ಕಕ್ಕೆ ಹೋಗಬೇಡ. ಶೇಕಡಾ ಮುಷ್ಟಿ ಕಟ್ಟಿಕೊಂಡು ಮುಂದಕ್ಕೆ ಬಾಗಿದ್ದ, ಆಟದ ಕೊನೆಯ ಗಳಿಗೆಯಲ್ಲಿರುವವನ ಹಾಗೆ.

‘ಬ್...ಬ...ಬರ್ತೀನಿ’ ಎಂದಳು ಹುಡುಗಿ.

ಗೆರೆ ಪರದೆಯ ಮೇಲಂಚಿಗೆ ಹಾರಿತು. ‘ಬರ್ತೀನಿ’ ಎಂದಳು ಮತ್ತೆ, ಈ ಸಲ ತಡೆಯಿಲ್ಲದೆ, ಒಮ್ಮೆ ದಾರಿಯಾದ ಮೇಲೆ ಬಿಡುವುದು ಯಾಕೆ ಎಂಬಂತೆ ಮೂರನೆಯ ಸಲವೂ. ‘ಮೇಡಂ, ನಾನು ಬೇ...ಬೇರೆ ಎಲ್ಲೂ ಅರ್ಜೀನೇ ಹಾಕಿಲ್ಲ. ಎಲ್ಲಾ ಕಡೆ ಸಂದರ್ಶನ ಇತ್ತು, ಎದುರಿಗೆ ಕೂತು ಮಾತಾಡ್ಬೇಕು. ನಿಮ್ಮ ಕಾಲೇಜಲ್ಲಿ ಮಾತ್ರ ಮಾತಾಡೋ ಪರೀಕ್ಷೆ ಇಲ್ಲ ಅಂತ ಇತ್ತು.’

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ‘ಸೀಟು ಕೊಟ್ಟಿದೀವಿ ಅಂತ ಹೇಳಿ’ ಎಂದರು ಮೆಲ್ಲಗೆ. ಅವಳು ಹೇಳಿದಳು. ‘ಕೊಟ್ಟಿದೀವಿ’ ಎನ್ನುವಾಗ ‘ಕೊ’ದ ಹತ್ತಿರ ಒಂದಿಷ್ಟು ನಿಂತಳು, ಯಾರೂ ಬದಲಿ ಪದ ಕೊಡಲಿಲ್ಲ. ಆ ಕಡೆ ಪಾತ್ರೆಯೊಂದು ನೆಲಕ್ಕೆ ಬಿತ್ತು, ‘ಅಜ್ಜಿ, ಅಜ್ಜಿ’ ಎಂದು ಹುಡುಗಿ ಒಳಗೆ ಕೂಗಿದ್ದು, ಯಾರೋ ಮುದುಕಿ ಏನೇ ಅದು, ಏನು ಬಿತ್ತೇ ಎಂದು ಗದರಿದ್ದು ಕೇಳಿಸಿತು. ಅವಳಿಗೆ ಖುಷಿಯಾಯಿತು. ಅಷ್ಟು ಖುಷಿ ಎಂದಾದರೂ ಆಗಿತ್ತೋ ಇಲ್ಲವೋ ನೆನಪಾಗಲಿಲ್ಲ. 

‘ಒಬ್ಬಳನ್ನ ಕರೆದ್ವಿ, ಒಬ್ಬಳು ಬಂದಳು’ ಎಂದ ಶೇಕಡಾ. ‘ಶೇಕಡಾ ನೂರು.’

‘ಇಂಥ ಗ್ಯಾಪು ನಿಮ್ಮ ಹತ್ರ ಇನ್ನೆಷ್ಟಿದೆ?’ ಎಂದು ಮೇಷ್ಟ್ರು ಕೇಳಿದರು. ಈ ಸಲ ಅವರು ಕಿತ್ತಳೆಯನ್ನಲ್ಲ, ನಿರ್ದೇಶಕರನ್ನು ನೋಡುತ್ತಿದ್ದರು.

 ರ್‍ಯಾಂಕಿನ ಆಸೆ ಒಂದು ಮಧ್ಯಾಹ್ನದಲ್ಲಿ ಹೋಗುವಂಥದ್ದಲ್ಲ. ನಿರ್ದೇಶಕರ ಕಣ್ಣು ಬಾಗಿಲಾಚೆ ತೂಗುಹಾಕಿದ್ದ ಗಾಜಿನ ಕಡೆ ಒಮ್ಮೆ ಹೋಗಿ ಬಂತು. ಆಮೇಲೆ, ‘ಈ ವರ್ಷ ಬರಲ್ಲ ಅಂತ ಒತ್ತಿರೋದೆಲ್ಲ ತೆಗಿ ಶೇಕಡಾ’ ಎಂದರು. ‘ರ್‍ಯಾಂಕು ಏನಾಗತ್ತೋ ಆಗಲಿ, ನಾನು ನೋಡ್ಕೋತೀನಿ. ಎಲ್ಲರಿಗೂ ಮತ್ತೆ ಫೋನು.’ ಅವಳ ಕಡೆ ತಿರುಗಿದರು. ‘ನೀವೇ ಮಾಡ್ಬೇಕು. ಈ ದನೀಲೇ. ಬೆಣ್ಣೆ ಬೇಡ.’

‘ತ್...ತುಂಬ ಹೊತ್ತಾಗತ್ತೆ ಸರ್’ ಎಂದಳು.

‘ಆಗಲಿ’ ಎಂದರು.

ಫೋನು ಇನ್ನೂ ತೆರೆದೇ ಇತ್ತು. ಹುಡುಗಿ ಅಜ್ಜಿಗೆ ಹೇಳಿ ಮುಗಿಸಿ ಮತ್ತೆ ಬಂದಿದ್ದಳು. ‘ಮೇಡಂ, ಇದೀರಾ?’ ಎಂದಳು. ‘ಅಲ್ಲಿಗೆ ಬಂದಾಗ ನಿಮ್ಮನ್ನ ನೋಡ್ಬೇಕು. ಯಾರು ಅಂತ ಕೇಳಲಿ? ನಿಮ್ಮ ಹೆಸರೇನು?’

ಮೂವರೂ ಅವಳನ್ನು ನೋಡಿದರು. ಕೊರಳ ಬಿಲ್ಲೆ ಎದೆಯ ಮೇಲೆ ತೂಗುತ್ತಿತ್ತು, ಫೋನಿಗೆ ಅದನ್ನು ತೋರಿಸುವ ಹಾಗಿರಲಿಲ್ಲ. ಅವಳು ಬಿಲ್ಲೆಯ ಮೇಲೆ ಕೈಯಿಟ್ಟು, ಉಸಿರು ತೆಗೆದುಕೊಂಡು, ಆ ಕಚ್ಚುವ ಅಕ್ಷರದ ಎದುರಿಗೆ ಹೋಗಿ ನಿಂತಳು. ಅದು ತಡೆಯಿತು. ಅವಳು ತಳ್ಳಿದಳು. ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಆ ಕಡೆ ಹುಡುಗಿಯೂ ಹಲೋ ಅನ್ನಲಿಲ್ಲ, ಕೇಳಿಸ್ತಿದೆಯಾ ಅನ್ನಲಿಲ್ಲ, ಯಾವ ಪದವನ್ನೂ ಮುಂದೆ ಚಾಚಲಿಲ್ಲ. ಸುಮ್ಮನೆ ಕಾದಳು. ಕಾಯುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬಾಗಿಲು ತೆರೆಯಿತು. ಅವಳು ತನ್ನ ಹೆಸರು ಹೇಳಿದಳು, ಪೂರ್ತಿಯಾಗಿ.